ಹಿಮ್ಮಡಿಯ ಜೊತೆ ಚೌಕಾಸಿ

2023ರಲ್ಲಿ ನಾನು ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಪರ್ಚೇಸ್ ಮ್ಯಾನೇಜರ್ ಆಗಿದ್ದೆ. ಯಂತ್ರಗಳ ಬಿಡಿಭಾಗ ತಯಾರಿಸುವ, ನೂರಾ ನಲವತ್ತು ಜನರ ಕಾರ್ಖಾನೆ. 1996ರಲ್ಲಿ ಅಲ್ಲಿಗೇ ಪ್ಯಾಕಿಂಗ್ ಹೆಲ್ಪರ್ ಆಗಿ ಸೇರಿದವಳು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಸ್ಟೋರ್ಸ್ ವಿಭಾಗ ದಾಟಿ, ಹದಿನೆಂಟು ವರ್ಷಗಳ ನಂತರ ಆ ಕುರ್ಚಿಗೆ ಬಂದಿದ್ದೆ. ಬೋಲ್ಟಿನಿಂದ ಹಿಡಿದು ಕಟಿಂಗ್ ಆಯಿಲ್‌ವರೆಗೆ ಕಾರ್ಖಾನೆಗೆ ಬೇಕಾದುದನ್ನೆಲ್ಲ ಕೊಳ್ಳುವುದು ನನ್ನ ಕೆಲಸ. ಈ ಕೆಲಸದ ಮೊದಲ ಪಾಠ ಒಂದೇ: ಬಂದ ಕೊಟೇಶನ್ನನ್ನು ನಂಬಬಾರದು. ಮಾರುವವನು ಇಳಿಸಲೆಂದೇ ಏರಿಸಿ ಹೇಳಿರುತ್ತಾನೆ. ಆ ಏರಿಕೆ ಎಲ್ಲಿ ಅಡಗಿದೆ ಎಂದು ಹುಡುಕಿ ತೆಗೆಯುವವರೇ ಪರ್ಚೇಸ್‌ನವರು. ಹುಡುಕುವುದರಲ್ಲಿ ನನಗೆ ಹೆಸರಿತ್ತು, ಅದರ ಬಗ್ಗೆ ಜಂಬವೂ ಇತ್ತು.

ನೆಲಮಂಗಲದಲ್ಲಿರುವ ನಮ್ಮ ಗೌರಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನಗೆ ಐದು ವರ್ಷ. ಅಲ್ಲಿಂದ ಮುಂದೆ ನನ್ನನ್ನು ಸಾಕಿದವಳು ಅವಳೇ. ಪ್ರತಿ ಶಿವರಾತ್ರಿಗೆ ಅವಳೂರಿನ ಭಕ್ತರ ತಂಡ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುತ್ತದೆ. ಕನಕಪುರ ದಾಟಿ, ಸಂಗಮದ ಹತ್ತಿರ ಕಾವೇರಿ ಹಾಯ್ದು, ಕಾಡಿನ ದಾರಿ ಹಿಡಿದು ಐದು ದಿನದ ನಡಿಗೆ. ಅಕ್ಕ ಹನ್ನೊಂದು ಸಲ ಹೋಗಿದ್ದಳು. ಪ್ರತಿ ಸಲ ನನ್ನನ್ನು ಕರೆಯುತ್ತಿದ್ದಳು, ಪ್ರತಿ ಸಲ ನಾನು ಮಾರ್ಚ್ ತಿಂಗಳ ಲೆಕ್ಕ ಮುಕ್ತಾಯದ ನೆಪ ಹೇಳುತ್ತಿದ್ದೆ.

ಆ ದಸರೆಗೆ ಹೋದಾಗ ಅಕ್ಕ ಹೇಳಿದಳು: "ನಿಂದು ಯಾವಾಗ್ಲೂ ಮುಂದಿನ್ ವರ್ಸ, ಮುಂದಿನ್ ವರ್ಸ. ನನ್ ಮಂಡಿ ಕಾಯ್ಬೇಕಲ್ಲೇ. ಇದೇ ಕೊನೆ ಸಲ ಕಣೇ ರತ್ನಿ. ಬಂದ್ರೆ ಬಾ."

ಅವಳ ಎರಡೂ ಮಂಡಿ ಊದಿಕೊಂಡಿದ್ದವು. ನಾನು ಬರುತ್ತೇನೆ ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಸಂಜೆ ತಂಡದವರೆಲ್ಲ ಸೇರಿದ್ದಾಗ, ಪೇಟೆಯವಳೆಂದು ಯಾರೋ ಛೇಡಿಸಿದರು ಎಂಬ ಕಾರಣಕ್ಕೆ, ಬರಿಗಾಲಲ್ಲೇ ನಡೆಯುತ್ತೇನೆ ಎಂದು ಹರಕೆ ಹೇಳಿಕೊಂಡುಬಿಟ್ಟೆ.

ದೀಪಾವಳಿ ಮುಗಿದ ಮೇಲೆ ಅಭ್ಯಾಸ ಶುರು ಮಾಡಿದೆ. ನಮ್ಮ ಮನೆ ದಾಸರಹಳ್ಳಿಯಲ್ಲಿ. ಬೆಳಿಗ್ಗೆ ಐದೂವರೆಗೆ ಬರಿಗಾಲಲ್ಲಿ ಹೊರಟು, ಕೈಗಾರಿಕಾ ಪ್ರದೇಶದ ಕಾಂಕ್ರೀಟ್ ರಸ್ತೆಗಳಲ್ಲಿ ಮೊದಲ ವಾರ ದಿನಕ್ಕೆ ನಾಲ್ಕು ಕಿಲೋಮೀಟರ್, ಎರಡನೇ ವಾರ ಎಂಟು, ಮೂರನೇ ವಾರ ಹನ್ನೆರಡು. ನನ್ನ ವಯಸ್ಸು ಆಗ ಐವತ್ತು, ತೂಕ ಎಪ್ಪತ್ತೆಂಟು ಕಿಲೋ. ಹೊಸ ಯಂತ್ರವನ್ನು ಕೂಡ ಯಾರೂ ಹಾಗೆ ಓಡಿಸುವುದಿಲ್ಲ.

ಮೂರನೇ ವಾರದ ಕೊನೆಗೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಇಳಿದು ಎಡಗಾಲು ಊರಿದವಳು ಗೋಡೆ ಹಿಡಿದು ನಿಂತುಬಿಟ್ಟೆ. ಹಿಮ್ಮಡಿಯ ಒಳಗೆ ಮೊಳೆ ಇಳಿದ ಹಾಗೆ ನೋವು. ಹತ್ತು ಹೆಜ್ಜೆ ಕುಂಟಿದ ಮೇಲೆ ಸ್ವಲ್ಪ ಸಡಿಲವಾಯಿತು. ಮಧ್ಯಾಹ್ನ ಕುರ್ಚಿಯಿಂದ ಎದ್ದಾಗ ಮತ್ತೆ ಅದೇ ಮೊಳೆ.

ನಾಲ್ಕು ದಿನ ನೋಡಿ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಇಪ್ಪತ್ತಾರು, ಇಪ್ಪತ್ತೇಳರ ಹುಡುಗಿ. ಪ್ಲಾಂಟಾರ್ ಫೇಸಿಯೈಟಿಸ್ ಎಂದಳು. ಪಾದದ ಅಡಿಯಲ್ಲಿ ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಒಂದು ಗಟ್ಟಿ ಪಟ್ಟಿ ಇದೆ. ಅಭ್ಯಾಸವಿಲ್ಲದೆ ಒಮ್ಮೆಲೇ ಹೊರೆ ಹಾಕಿದರೆ ಅದು ಹಿಮ್ಮಡಿಗೆ ಅಂಟಿರುವ ಜಾಗದಲ್ಲಿ ನೋಯಲು ಶುರುವಾಗುತ್ತದೆ. ರಾತ್ರಿಯೆಲ್ಲ ಬಿಗಿದುಕೊಂಡಿದ್ದ ಪಟ್ಟಿ ಬೆಳಗಿನ ಮೊದಲ ಹೆಜ್ಜೆಗೆ ಎಳೆದುಕೊಳ್ಳುವುದರಿಂದಲೇ ಆ ಮೊಳೆ.

"ಎಂಟು ವಾರ ಉದ್ದ ನಡಿಗೆ ಬೇಡ. ಮನೆ ಒಳಗೂ ಬರಿಗಾಲು ಬೇಡ. ಮೀನಖಂಡ ಎಳೆಯೋ ವ್ಯಾಯಾಮ ದಿನಕ್ಕೆ ಮೂರು ಸಲ," ಎಂದಳು.

"ನಾಲ್ಕು ವಾರಕ್ಕೆ ಮುಗಿಸಿಕೊಡಿ," ಎಂದೆ.

"ಮೇಡಂ, ಇದು ರೇಟ್ ಅಲ್ಲ ಕಡಿಮೆ ಮಾಡೋಕೆ."

"ಐದು ಮಾಡ್ಕೊಳ್ಳಿ. ವ್ಯಾಯಾಮ ಬೇಕಾದ್ರೆ ಡಬಲ್ ಮಾಡ್ತೀನಿ."

ಅವಳು ನಕ್ಕು, ಚೀಟಿಯ ಮೇಲೆ ಎಂಟು ಎಂದು ಬರೆದು, ಅದರ ಸುತ್ತ ಒಂದು ವೃತ್ತ ಎಳೆದು ಕೊಟ್ಟಳು. ಮೆಟ್ಟಿಲು ಇಳಿಯುವಾಗಲೇ ನಾನು ನಿರ್ಧಾರ ಮಾಡಿಯಾಗಿತ್ತು. ಎಂಟರಲ್ಲಿ ಅರ್ಧ ಅವಳ ಭದ್ರತೆಗೆ ಸೇರಿಸಿಕೊಂಡದ್ದು. ನಿಜವಾದ ಸಂಖ್ಯೆ ನಾಲ್ಕು.

ನಾಲ್ಕು ವಾರ ಶ್ರದ್ಧೆಯಿಂದ ಎಲ್ಲ ಮಾಡಿದೆ. ನೋವು ಅರ್ಧಕ್ಕರ್ಧ ಇಳಿಯಿತು. ನನ್ನ ಲೆಕ್ಕ ಸರಿಯಿತ್ತು ಎಂದುಕೊಂಡು, ಜನವರಿಯ ಮೊದಲ ಭಾನುವಾರ ಬರಿಗಾಲಲ್ಲಿ ನೆಲಮಂಗಲದ ಕಡೆಗೆ ಹೊರಟೆ. ಒಂಬತ್ತನೇ ಕಿಲೋಮೀಟರಿನಲ್ಲಿ ಹಿಮ್ಮಡಿ ನೆಲಕ್ಕೆ ತಾಗಿಸಲು ಆಗಲಿಲ್ಲ. ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಯ ಹಳೇ ಟೈರಿನ ಮೇಲೆ ಕುಳಿತು ಆಟೋ ಕರೆದೆ. ಅಂಗಡಿಯವನು ನನ್ನ ಕಾಲು ನೋಡಿ, "ಟ್ಯೂಬೇ ಹೋಗಿದೆ ಅನ್ಸತ್ತೆ ಅಕ್ಕ," ಎಂದ. ನಗಲೂ ಆಗಲಿಲ್ಲ.

ಮರುದಿನ ಒಂದು ರಿಜೆಕ್ಟ್ ಆದ ಮಾಲನ್ನು ನೋಡಲು ಇನ್‌ಸ್ಪೆಕ್ಷನ್ ವಿಭಾಗಕ್ಕೆ ಹೋಗಬೇಕಾಯಿತು. ಅಲ್ಲಿ ಒಂಬತ್ತು ಹೆಂಗಸರು ಪಾಳಿಯಿಡೀ ನಿಂತು ಒಂದೊಂದೇ ಪೀಸನ್ನು ಗೇಜ್ ಹಿಡಿದು ಅಳೆಯುತ್ತಾರೆ. ಅವರಲ್ಲಿ ಹಿರಿಯಳು ಕೊಪ್ಪಳ ಕಡೆಯ ಯಲ್ಲವ್ವ. ನಾನು ಬಾಗಿಲಿನಿಂದ ಮೇಜಿನವರೆಗೆ ನಡೆದು ಬಂದುದನ್ನು ನೋಡಿಯೇ ಕೇಳಿದಳು.

"ಎಡಗಾಲಿನ ಹಿಮ್ಮಡ ಏನ್ರಿ ಮೇಡಂ? ಮುಂಜಾನಿ ಎದ್ದ ಕೂಡ್ಲೆ ಮೊಳಿ ಬಡದಂಗ ಆಕ್ಕೈತಲ್ರಿ?"

"ನಿನಗೆ ಹೇಗೆ ಗೊತ್ತು?"

"ಇಲ್ಲಿ ಆರು ಮಂದಿಗೆ ಐತ್ರಿ. ನಡಿಗಿ ನೋಡಿದ್ರ ಗೊತ್ತಾಕ್ಕೈತಿ."

ಪಕ್ಕದಲ್ಲಿದ್ದವರು ಕಾಲು ಸರಿಸಿ ತೋರಿಸಿದರು. ಪ್ಯಾಕಿಂಗ್‌ಗೆ ಬರುವ ಫೋಮನ್ನು ಪಾದದ ಅಳತೆಗೆ ಕತ್ತರಿಸಿ, ಮೂರು ಪದರ ಮಾಡಿ, ಟೇಪ್ ಸುತ್ತಿ, ಅದರ ಮೇಲೆ ನಿಂತಿದ್ದರು. ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದೆ. ಯಲ್ಲವ್ವ ಗೇಜ್ ಕೆಳಗಿಡದೆ ಹೇಳಿದಳು: ಹಾಸಿಗೆಯಿಂದ ಇಳಿಯುವ ಮೊದಲೇ ಟವೆಲನ್ನು ಪಾದಕ್ಕೆ ಹಾಕಿ ಇಪ್ಪತ್ತು ಎಣಿಸುವವರೆಗೆ ತನ್ನ ಕಡೆಗೆ ಎಳೆಯಬೇಕು. ಚಪ್ಪಲಿ ಮಂಚದ ಪಕ್ಕದಲ್ಲೇ ಇರಬೇಕು, ಅಡುಗೆಮನೆಗೂ ಅದನ್ನು ಹಾಕಿಕೊಂಡೇ ಹೋಗಬೇಕು. ಸಂಜೆ ತಣ್ಣೀರಿನ ಬಾಟಲಿಯನ್ನು ಪಾದದ ಅಡಿ ಉರುಳಿಸಬೇಕು. ಫಿಸಿಯೋ ಹುಡುಗಿಯ ಚೀಟಿಯಲ್ಲಿದ್ದುದೇ ಎಲ್ಲ.

"ಡಾಕ್ಟರ್ ಎಷ್ಟು ವಾರ ಅಂದಾರ್ರಿ?"

"ಎಂಟು."

"ನನಗ ಹತ್ತು ಹಿಡೀತ್ರಿ."

ಎಂಟು ಎಂದ ಫಿಸಿಯೋ ಹುಡುಗಿ ನನಗೆ ಏನನ್ನೂ ಏರಿಸಿ ಹೇಳಿರಲಿಲ್ಲ. ಮೊದಲೇ ಎಂಟು ವಾರ ಕೊಟ್ಟಿದ್ದರೆ ಫೆಬ್ರವರಿ ಆರಂಭಕ್ಕೆ ಮುಗಿಯುತ್ತಿತ್ತು, ಶಿವರಾತ್ರಿಗೆ ಒಂದು ತಿಂಗಳು ಕೈಯಲ್ಲಿ ಉಳಿಯುತ್ತಿತ್ತು. ಈಗ ಎಣಿಕೆ ಮತ್ತೆ ಒಂದರಿಂದ. ಮುಗಿಯುವ ಹೊತ್ತಿಗೆ ಅಕ್ಕನ ತಂಡ ಹೊರಡುವ ದಿನ.

ಹೊರಡುವಾಗ ಕೇಳಿದೆ, "ಈ ಫೋಮ್ ಯಾಕೆ? ಮ್ಯಾಟ್ ಕೇಳಬಾರದಿತ್ತಾ?"

"ಕೇಳಿದ್ವಿರಿ, ಎರಡು ವರ್ಷದ ಹಿಂದ. ನೀವ ಬ್ಯಾಡ ಅಂದ್ರಂತ," ಎಂದಳು ಯಲ್ಲವ್ವ. "ಸಿಟ್ಟೇನ್ ಇಲ್ರಿ ಮೇಡಂ. ನಿಮ್ಮ ಕುರ್ಚಿಗೆ ಕುಶನ್ ಐತಿ. ನಿಮಗ ಹೆಂಗ ಗೊತ್ತಾಗ್ಬೇಕು?"

ಫೈಲು ತೆಗೆಸಿದೆ. ವಿಭಾಗದವರು ಬೇಕಾದ ವಸ್ತುವಿಗೆ ಬರೆದು ಕಳಿಸುವ ಬೇಡಿಕೆ ಚೀಟಿಗೆ ಇಂಡೆಂಟ್ ಎನ್ನುತ್ತಾರೆ. 2021ರ ಇಂಡೆಂಟ್ ಅಲ್ಲಿತ್ತು: ನಿಂತು ಕೆಲಸ ಮಾಡುವವರಿಗೆ ಕಾಲು ದಣಿಯದಂತೆ ಅಡಿಗೆ ಹಾಸುವ ಆಂಟಿ-ಫಟೀಗ್ ಮ್ಯಾಟ್, ಒಂಬತ್ತು. ಕೆಳಗೆ ನನ್ನದೇ ಅಕ್ಷರದಲ್ಲಿ, 'ಅತ್ಯಗತ್ಯವಲ್ಲ'. ಬರೆದ ನೆನಪೂ ನನಗಿರಲಿಲ್ಲ.

ಅದೇ ವಾರ ರಬ್ಬರ್ ಸಾಮಾನಿನ ಸಪ್ಲೈಯರ್ ಮುನಿರಾಜುವಿನಿಂದ ಮೂರು ದಪ್ಪದ ಸ್ಯಾಂಪಲ್ ತರಿಸಿ, ಇನ್‌ಸ್ಪೆಕ್ಷನ್ ಮೇಜಿನ ಮುಂದೆ ಒಂದೊಂದರ ಮೇಲೂ ಒಂದೊಂದು ಗಂಟೆ ನಿಂತೆ. ಒಂಬತ್ತು ಮಿಲಿಮೀಟರಿನದು ಇಪ್ಪತ್ತೇ ನಿಮಿಷಕ್ಕೆ ನೆಲವಾಯಿತು. ಹನ್ನೆರಡರದು ಪರವಾಗಿಲ್ಲ. ಹದಿನೆಂಟರ ಮೇಲೆ ಹಿಮ್ಮಡಿ ಸುಮ್ಮನಾಯಿತು.

"ಸ್ಯಾಂಪಲ್ ಮೇಲೆ ಹತ್ತಿ ನಿಂತ ಪರ್ಚೇಸ್‌ನೋರನ್ನ ಇವತ್ತೇ ನೋಡಿದ್ದು ಮೇಡಂ," ಎಂದ ಮುನಿರಾಜು. "ಹದಿನೆಂಟು ಬೇಡ, ಸುಮ್ನೆ ಕಾಸ್ಟ್ಲಿ. ನೀವು ಹೆಂಗೂ ಒಪ್ಪಲ್ಲ."

"ಹದಿನೆಂಟೇ ಬೇಕು. ಒಂಬತ್ತು ಮ್ಯಾಟ್‌ಗಳ ಬೆಲೆಗೆ ಹತ್ತು ಕೊಡಿ."

"ಕಾಲು ಕೈಕೊಟ್ರೂ ನಾಲಿಗೆ ಗಟ್ಟಿ ಇದೆ ನಿಮ್ದು," ಎಂದು ಕೊಟ್ಟ. ಕೊಳ್ಳುವ ಕೆಲಸದಲ್ಲಿರುವ ಕಿರಿಯರಿಗೆ ಹೇಳುತ್ತೇನೆ: ಬೆಲೆಯಲ್ಲಿ ಎಷ್ಟು ಬೇಕಾದರೂ ಎಳೆಯಿರಿ, ದಪ್ಪದಲ್ಲಿ ಎಳೆಯಬೇಡಿ. ಉಪಯೋಗಿಸುವವರು ನಿಲ್ಲುವ ಜಾಗದಲ್ಲಿ ನಿಂತು ನೋಡದೆ ಯಾವುದನ್ನೂ ಅತ್ಯಗತ್ಯವಲ್ಲ ಎಂದು ಬರೆಯಬೇಡಿ.

ಅಕ್ಕನಿಗೆ ಹೇಳುವುದು ಇನ್ನೂ ಬಾಕಿ ಇತ್ತು. ಸಂಕ್ರಾಂತಿಗೆ ಹೋದಾಗ ಅವಳು ಅವರೆಕಾಳು ಹಿತುಕುತ್ತಾ ಕುಳಿತಿದ್ದಳು.

"ಬರಾಕಾಗಲ್ಲ ಅನ್ನಾಕ್ ಬಂದಿದ್ದೀಯ. ಕುಂಟ್ಕಂಡು ಬರೋದು ಕಾಣಲ್ವಾ ನಂಗೆ?" ಎಂದಳು.

ನಡೆದುದನ್ನೆಲ್ಲ ಒಪ್ಪಿಸಿದೆ. ಬರಿಗಾಲಿನ ಹರಕೆ ಮುರಿಯಿತಲ್ಲ ಎಂದೆ.

"ಬರಿಗಾಲಲ್ಲಿ ಬಾ ಅಂತ ಮಾದಪ್ಪ ಕೇಳಿದ್ನಾ? ಜನರ ಮುಂದೆ ಜಂಬಕ್ಕೆ ಅಂದಿದ್ದು ನೀನು. ತಪ್ಪುಗಾಣಿಕೆ ಆಕು, ಸುಮ್ಕಿರು." ಮತ್ತೊಂದು ಹಿಡಿ ಕಾಳು ಮುಂದಕ್ಕೆ ಎಳೆದುಕೊಂಡಳು. ನಂತರ ತಲೆ ಎತ್ತದೆ ಹೇಳಿದಳು: "ಐದು ದಿನ ಆಗದಿದ್ರೆ ಬ್ಯಾಡ. ಕೊನೇ ದಿನ ತಾಳುಬೆಟ್ಟಕ್ಕೆ ಬಸ್ಸಲ್ಲಿ ಬಾ. ಅಲ್ಲಿಂದ ಮ್ಯಾಲಕ್ಕೆ ಜೊತೇಲಿ ಅತ್ತಣ. ಅಂಗಾದ್ರೂ ಬಾ."

ಈ ಸಲ ಎಂಟು ವಾರವನ್ನು ಎಂಟಾಗಿಯೇ ಕಳೆದೆ. ಐದನೇ ವಾರದಿಂದ, ದಪ್ಪ ಅಡಿಯ ಶೂ ಹಾಕಿ, ಫಿಸಿಯೋ ಹುಡುಗಿ ಹೇಳಿದಷ್ಟೇ ನಡೆದೆ: ಮೊದಲು ಒಂದು ಕಿಲೋಮೀಟರ್, ಆಮೇಲೆ ಎರಡು. ಕೊನೆಗೆ ಅವಳು ಒಂದು ದಿನದ ಏರುದಾರಿಗೆ ಒಪ್ಪಿಗೆ ಕೊಟ್ಟಳು. ನಿಧಾನವಾಗಿ, ಅರ್ಧ ಗಂಟೆಗೊಮ್ಮೆ ಕುಳಿತು. ನಾನು ಸರಿ ಎಂದೆ. ಮುಂದಿನ ಮಾತಿಗೆ ಕಾಯುವವಳಂತೆ ನನ್ನ ಮುಖ ನೋಡಿದಳು. ನಾನು ಚೀಲ ತೆಗೆದುಕೊಂಡು ಎದ್ದೆ.

ತಾಳುಬೆಟ್ಟದಲ್ಲಿ ಅಕ್ಕ ಸಿಕ್ಕಾಗ ನಾಲ್ಕು ದಿನದ ಧೂಳು ಅವಳ ಸೀರೆಯ ಅಂಚಿನಲ್ಲಿತ್ತು. ಮಂಡಿಗೆ ಬಟ್ಟೆ ಬಿಗಿದುಕೊಂಡಿದ್ದಳು. ತಂಡದ ಇತರರು ನಮ್ಮನ್ನು ದಾಟಿ ಮುಂದೆ ಹೋದರು. ಅವಳ ಮಂಡಿಯ ವೇಗಕ್ಕೂ ನನ್ನ ಹಿಮ್ಮಡಿಯ ವೇಗಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಈ ಪ್ರಕರಣ ನನಗೆ ಕಲಿಸಿದ್ದು ಇಷ್ಟು. ಯಾರಾದರೂ ಒಂದು ಸಂಖ್ಯೆ ಹೇಳಿದರೆ, ಅದು ದೊಡ್ಡದಾದಷ್ಟೂ ಹೇಳಿದವರಿಗೆ ಲಾಭವಿದೆಯೇ ಎಂದು ನೋಡಿ. ಇದ್ದರೆ ಧಾರಾಳವಾಗಿ ಚೌಕಾಸಿ ಮಾಡಿ. ಇಲ್ಲದಿದ್ದರೆ ಅದನ್ನು ಹಾಗೆಯೇ ಬರೆದುಕೊಳ್ಳಿ. ಸಂಖ್ಯೆ ಹೇಳುವ ಸರದಿ ನಿಮ್ಮದಾದಾಗ ಇದ್ದುದನ್ನೇ ಹೇಳಿ.

ಅರ್ಧ ದಾರಿಯಲ್ಲಿ ಅಕ್ಕ ಒಂದು ಕಲ್ಲು ಹಿಡಿದು ನಿಂತಳು. ಹನ್ನೊಂದು ಸಲ ಹತ್ತಿದ್ದರೂ ಈ ಸಲ ಅವಳಿಗೆ ದಾರಿ ಮುಗಿಯುವಂತೆ ಕಾಣಲಿಲ್ಲ. ಬೆಟ್ಟದಿಂದ ಇಳಿದು ಬರುತ್ತಿದ್ದವರನ್ನು ಇನ್ನೆಷ್ಟು ದೂರ ಎಂದು ಅವಳು ಕೇಳಿದಾಗಲೆಲ್ಲ, "ಇಲ್ಲೇ, ಬಂದೇಬಿಡ್ತು ಅಜ್ಜಿ," ಎನ್ನುತ್ತಿದ್ದರು. ಎರಡು ಗಂಟೆಯಿಂದ ಬಂದೇಬಿಡುತ್ತಿತ್ತು.

"ರತ್ನಿ, ನೀನೇಳು. ಇನ್ನೆಷ್ಟೈತೆ?"

ಆಗಷ್ಟೇ ದಾಟಿದ ಮೈಲಿಗಲ್ಲನ್ನು ನಾನು ನೋಡಿದ್ದೆ. ಅವಳಿಗೆ ಧೈರ್ಯ ಬರಲಿ ಎಂದು ನಾನೂ ಕಡಿಮೆ ಮಾಡಿ ಹೇಳಬಹುದಿತ್ತು.

"ಇನ್ನೂ ಎಂಟು ಕಿಲೋಮೀಟರ್ ಇದೆ ಅಕ್ಕ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಂಗಾದ್ರೆ ಒಸಿ ಕೂತ್ಕಂಡೇ ಓಗಣ," ಎಂದು ಕಲ್ಲಿನ ಮೇಲೆ ಕುಳಿತು, ನನಗೂ ಜಾಗ ಬಿಟ್ಟಳು.