ಷಡ್ಡಕನ ಮೀನಖಂಡ

ಬಟ್ಟೆ ಕೊಡುವಾಗಲೇ ಷಡ್ಡಕ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆ ಸಿಟ್ಟು ಟೈಲರಿಗೆ ಇವತ್ತಿಗೂ ಇಳಿದಿಲ್ಲ. ವಿಷಯ ಎತ್ತಿದರೆ ಸಾಕು, ಕತ್ತರಿಯನ್ನು ಮೇಜಿನ ಮೇಲೆ ಕುಕ್ಕುತ್ತಾನೆ.

ಟೈಲರ್ ಅತ್ತೆ ಮನೆಗೆ ದೊಡ್ಡ ಅಳಿಯ. ಷಡ್ಡಕ ಅವನ ನಾದಿನಿಯ ಗಂಡ, ವ್ಯಾಯಾಮದ ಯಂತ್ರ ಮಾರುವ ಅಂಗಡಿಯಲ್ಲಿ ಸೇಲ್ಸ್‌ಮನ್. ಇಬ್ಬರಿಗೂ ದೇವರು ಮೇಲೆಲ್ಲ ಧಾರಾಳವಾಗಿ ಕೊಟ್ಟು, ಮಂಡಿಯಿಂದ ಕೆಳಗೆ ಕೈ ಬಿಗಿಹಿಡಿದಿದ್ದ. ಎದೆ ಭುಜ ನೋಡಿದರೆ ಪೈಲ್ವಾನರು, ಕಾಲು ನೋಡಿದರೆ ಕೊಡೆಯ ಕೋಲು. ಅತ್ತೆ ಮನೆಯಲ್ಲಿ ಅಕ್ಕಪಕ್ಕ ಕೂತಾಗ ಇಬ್ಬರೂ ಕಾಲನ್ನು ಕುರ್ಚಿಯಡಿಗೆ ಎಳೆದುಕೊಳ್ಳುತ್ತಿದ್ದರು. ಪ್ಯಾಂಟಿನ ಒಳಗೆ ಮೀನಖಂಡದ ಜಾಗಕ್ಕೆ ಇನ್ನೊಂದು ಪದರ ಬಟ್ಟೆ ಕೊಟ್ಟು ಕಾಲು ತುಂಬಿದಂತೆ ಕಾಣಿಸುವ ಉಪಾಯ ಟೈಲರನದೇ. ತನಗೂ ಹೊಲಿದುಕೊಂಡ, ಷಡ್ಡಕನಿಗೂ ಹೊಲಿದುಕೊಟ್ಟ. ಆ ಗುಟ್ಟು ಅವರಿಬ್ಬರದು. ಅಷ್ಟು ಜನರ ಮನೆಯಲ್ಲಿ ಟೈಲರ್ ಯಾರನ್ನಾದರೂ ತನ್ನವನು ಅಂದುಕೊಂಡಿದ್ದರೆ ಅದು ಆ ಕಾಲುಗಳ ದೆಸೆಯಿಂದ.

ಒಮ್ಮೆ ಷಡ್ಡಕ ಕಂಪನಿ ಟ್ರೇನಿಂಗ್ ಎಂದು ಹೇಳಿ ಬಹಳ ದಿನ ಊರಲ್ಲಿರಲಿಲ್ಲ. ಬಂದವನು ಒಳ್ಳೇ ಬಟ್ಟೆ ತಂದುಕೊಟ್ಟ.

"ಬಿಗಿಯಾಗಿರ್ಲಿ ಭಾವ. ಒಳಗೆ ಪದರಗಿದರ ಏನೂ ಬೇಡ."

"ಅಳತೆ ಕೊಡೋಕೆ ನಿಂತ್ಯಲ್ಲೋ? ನಿನ್ನ ಕಾಲು ನಂಗೆ ಬಾಯಿಪಾಠ, ಹೋಗು."

ಖಾಯಂ ಗಿರಾಕಿಗಳ ನಮೂನೆಯನ್ನು ಟೈಲರ್ ಕಂದು ಕಾಗದದಲ್ಲಿ ಕತ್ತರಿಸಿ ಗೋಡೆಯ ಮೊಳೆಗೆ ಸಿಕ್ಕಿಸಿಡುತ್ತಾನೆ. ಮತ್ತೆ ಬಂದರೆ ಸೊಂಟ ಮಾತ್ರ ಅಳೆಯುವುದು. ಗಂಡಸಿಗೆ ಮದುವೆಯಾದ ಮೇಲೆ ಹೊಟ್ಟೆ ಬೆಳೆಯುತ್ತದೆ, ಮೀನಖಂಡ ಬೆಳೆಯುವುದನ್ನು ಅವನು ಕಂಡಿರಲಿಲ್ಲ. ಷಡ್ಡಕ ನಕ್ಕು ಹೊರಟುಹೋದ. ಟೈಲರ್ ಹಳೆಯ ಕಾಗದವಿಟ್ಟು, ಪದರಕ್ಕೆ ಬಿಟ್ಟಿದ್ದ ಸಡಿಲ ತೆಗೆದು ಬಟ್ಟೆ ಕತ್ತರಿಸಿದ.

ಭಾನುವಾರ ಅತ್ತೆ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಪ್ಯಾಂಟು ಕೊಟ್ಟ. ಷಡ್ಡಕ ಕೋಣೆಯೊಳಗೆ ಹೋದ. ಒಳಗೆ ಒದ್ದಾಟದ ಸದ್ದು. ಕೊನೆಗೆ ಚಡ್ಡಿಯಲ್ಲೇ ಹೊರಗೆ ಬಂದ, ಪ್ಯಾಂಟು ಕೈಯಲ್ಲಿ.

"ಹತ್ತಲ್ಲ ಭಾವ. ಮಂಡಿ ಕೆಳಗೇ ಸಿಕ್ಕಾಕ್ಕೊಳ್ತಿದೆ."

"ಯಾವ ಮಗೂಗೆ ಹೊಲಿದ್ರಿ ಭಾವ ಇದನ್ನ?" ನಾದಿನಿ ಬಿದ್ದು ಬಿದ್ದು ನಕ್ಕಳು.

ಟೈಲರನ ಕಿವಿಗೆ ಅದು ಬೀಳಲೇ ಇಲ್ಲ. ಕಣ್ಣೆಲ್ಲ ಆ ಕಾಲಿನ ಮೇಲೆ. ಕಡೆದು ನಿಲ್ಲಿಸಿದಂಥ ಮೀನಖಂಡ, ಎರಡೂ ಕಡೆ ಒಂದೇ ತೂಕ. ಪಕ್ಕದಲ್ಲಿದ್ದ ತನ್ನ ಹೆಂಡತಿಯೂ ನೋಡುತ್ತಿದ್ದಳು. ನೋಡಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ನೋಡಿದಳು. ಟೈಲರ್ ತನ್ನ ಕಾಲನ್ನು ಕುರ್ಚಿಯಡಿಗೆ ಇನ್ನಷ್ಟು ಎಳೆದುಕೊಂಡ.

"ಎಲ್ಲಾ ವ್ಯಾಯಾಮ ಅತ್ತೆ. ತುದಿಗಾಲಲ್ಲಿ ನಿಲ್ಲೋದು, ಇಳಿಯೋದು. ಅಷ್ಟೇ," ಎಂದ ಷಡ್ಡಕ.

"ದೊಡ್ಡಳಿಯಂದ್ರ ಕಣ್ಣು ಮಂಜಾಗಿರ್ಬೇಕು," ಎಂದರು ಅತ್ತೆ, ಬೈಯುವ ದನಿಯಲ್ಲೂ ಅಲ್ಲ. ಬೈದಿದ್ದರೇ ವಾಸಿಯಿತ್ತು. ಒಳಗಿನ ಪದರದ ಗುಟ್ಟು ತಿಳಿಯದ ಅವರಿಗೆ ಷಡ್ಡಕನ ಕಾಲು ಮೊದಲಿಂದಲೂ ತುಂಬಿದ್ದೇ. ಆಮೇಲೆ ಆ ಮನೆಯ ಬಟ್ಟೆ ಅವನ ಅಂಗಡಿಗೆ ಬರುವುದು ನಿಂತಿತು. "ನಿಮಗ್ಯಾಕೆ ತೊಂದ್ರೆ, ರೆಡಿಮೇಡ್ ತಂದ್ವಿ," ಅನ್ನುವರು. ಅವನ ಕೈ ಕೆಟ್ಟಿದೆ ಎಂದು ಹೆಂಡತಿಯೂ ನಂಬಿದಳು.

ಟೈಲರ್ ಮೇಜು ಹಿಡಿದುಕೊಂಡು ತುದಿಗಾಲಲ್ಲಿ ನಿಲ್ಲತೊಡಗಿದ. ಬೆಳಿಗ್ಗೆ ನಿಂತ, ಸಂಜೆ ನಿಂತ, ಗುಂಡಿಯ ಕಾಜಾ ಹೊಲಿಯುತ್ತಲೂ ನಿಂತ.

"ಏನ್ರೀ, ಅಟ್ಟದ ಮೇಲಿಂದ ಏನಾದ್ರೂ ಬೇಕಿತ್ತಾ?" ಎಂದಳು ಹೆಂಡತಿ.

"ನಿನ್ನ ಕೆಲಸ ನೋಡ್ಕೋ ಹೋಗು."

ಹಿಮ್ಮಡಿ ನೋವು ಬಂತು. ಕಾಲು ಇದ್ದ ಹಾಗೇ ಇತ್ತು.

ಕೆಲವು ತಿಂಗಳಾದ ಮೇಲೆ ಷಡ್ಡಕ ಮತ್ತೊಂದು ಬಟ್ಟೆ ಹಿಡಿದು ಅಂಗಡಿಗೆ ಬಂದ. ಈ ಸಲ ಟೈಲರ್ ಅವನನ್ನು ಚಡ್ಡಿಯಲ್ಲಿ ಸ್ಟೂಲಿನ ಮೇಲೆ ನಿಲ್ಲಿಸಿ, ಟೇಪು ಹಿಡಿದು ಹಿಂದೆ ಕೂತ. ಮಂಡಿಯ ಹಿಂದಿನ ಮಡಿಕೆಯಲ್ಲಿ ಒಂದು ಸಣ್ಣ ಗೀಟು. ಇನ್ನೊಂದು ಕಾಲಿನಲ್ಲೂ ಅದೇ ಜಾಗ, ಅದೇ ಉದ್ದ. ಹೊಲಿಗೆ ಗುರುತು. ಎಂಥ ಕೈಯವನು ಹಾಕಿದ್ದನೋ, ನೂಲು ಹೋದ ದಾರಿ ಕೂಡ ಕಾಣದಂಥ ಹೊಲಿಗೆ. ಅದರ ಮೇಲೂ ಟೈಲರಿಗೆ ಹೊಟ್ಟೆಕಿಚ್ಚಾಯಿತು.

ಹೆಬ್ಬೆರಳಿನಿಂದ ಮೀನಖಂಡ ಒತ್ತಿದ. "ಒಳಗೇನೋ ಇಟ್ಟಿದ್ದಾರಲ್ಲೋ."

ಷಡ್ಡಕ ಬಾಗಿಲ ಕಡೆ ನೋಡಿದ. "ಮೆಲ್ಲಗೆ ಭಾವ. ಸಿಲಿಕಾನ್. ಅಂಗಡೀಲಿ ಎಲ್ರೂ ಚಡ್ಡಿ ಹಾಕ್ಬೇಕು ಅಂತ ಹುಕುಂ ಬಂತು. ಈ ಕಾಲಿಟ್ಕೊಂಡು ಯಂತ್ರ ಮಾರಿದ್ರೆ ಜನ ನಗ್ತಿದ್ರು. ನಮ್ಮವಳೊಬ್ಬಳಿಗೇ ಗೊತ್ತು."

"ಗೊತ್ತಿದ್ದೂ ಅವತ್ತು ನಕ್ಕಳಾ?"

ಷಡ್ಡಕ ಪ್ಯಾಂಟಿಗೆ ಕೈ ಚಾಚಿದ.

"ನನ್ನ ಹೆಸರು ಮಣ್ಣುಪಾಲು ಮಾಡಿದ್ಯಲ್ಲೋ. ಹಿಮ್ಮಡಿ ಹೋಯ್ತು ನಂದು. ಈಗ್ಲೇ ನಡಿ ಅತ್ತೆ ಹತ್ರ."

"ನಾನೇ ಹೇಳ್ತೀನಿ ಭಾವ. ಈ ಭಾನುವಾರವೇ. ಪ್ಯಾಂಟಿನ ತಪ್ಪು ಭಾವಂದಲ್ಲ, ನಂದು ಅಂತೀನಿ. ಆಣೆ."

ಅಲ್ಲಿಗೆ ಮುಗಿಸಬೇಕಿತ್ತು. ಟೈಲರ್ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ತುಂಬಾ ನೋವಾಗತ್ತಾ?"

"ಮೊದಲ ವಾರ ಸ್ವಲ್ಪ."

"ನನ್ನ ವಯಸ್ಸಿನೋರಿಗೂ ಮಾಡ್ತಾರಾ?"

ಷಡ್ಡಕ ಸ್ಟೂಲಿನ ಮೇಲಿಂದ ಕೆಳಗೆ ನೋಡಿದ. ಅವನ ಮುಖದಲ್ಲಿದ್ದ ಹೆದರಿಕೆ ಹೋಯಿತು. ನಿಧಾನವಾಗಿ ಇಳಿದು ಪ್ಯಾಂಟು ಹಾಕಿಕೊಂಡ. "ವಿಚಾರಿಸಿ ಹೇಳ್ತೀನಿ ಭಾವ. ಅಕ್ಕಂಗೆ ಗೊತ್ತಾಗೋದು ಬೇಡ ಅಲ್ವಾ?"

ಭಾನುವಾರ ಊಟಕ್ಕೆ ಕೂತಾಗ ಷಡ್ಡಕ ಗಂಟಲು ಸರಿಮಾಡಿಕೊಂಡ. ಟೈಲರ್ ತುತ್ತು ಹಿಡಿದು ಕಾದ.

"ಏನಪ್ಪಾ?" ಎಂದರು ಅತ್ತೆ.

"ನೀರು ಕೊಡಿ ಅತ್ತೆ."

ತಾನೇ ಹೇಳಿಬಿಡೋಣವೆಂದು ಟೈಲರ್ ಬಾಯಿ ತೆರೆದ. ಷಡ್ಡಕ ಲೋಟದ ಮೇಲಿಂದ ಟೈಲರನ ಹೆಂಡತಿಯನ್ನು ನೋಡಿ, ಮತ್ತೆ ಟೈಲರನನ್ನು ನೋಡಿದ. ತೆರೆದ ಬಾಯಿಗೆ ಟೈಲರ್ ತುತ್ತು ಹಾಕಿಕೊಂಡ.

ಅದಾಗಿ ಎಷ್ಟೋ ಭಾನುವಾರ ಕಳೆದಿವೆ. ಟೈಲರ್ ಆಪರೇಷನ್ ಮಾಡಿಸಿಕೊಳ್ಳಲಿಲ್ಲ, ಷಡ್ಡಕನೂ ವಿಚಾರಿಸಲಿಲ್ಲ. ಪ್ಯಾಂಟು ಕೆಡಿಸಿದವನು ದೊಡ್ಡ ಅಳಿಯನೇ ಎಂದು ಆ ಮನೆಯಲ್ಲಿ ಈಗಲೂ ನಂಬಿದ್ದಾರೆ. ಷಡ್ಡಕ ಕೊಟ್ಟ ಮಾತು ಹಾಗೇ ಬಾಕಿ ಇದೆ.