ಮೂಲೆಯ ಮೇಜು ಮತ್ತು ಹಲ್ಲಿನ ಡಾಕ್ಟರ ಗಿಟಾರು

ಪಕ್ಕದ ಮನೆಯ ಅಕ್ಕ ಕದ್ದು ಸಿಗರೇಟು ಸೇದುತ್ತಾರೆ ಎಂದು ನಾನು ಸುಮಾರು ಎಂಟು ತಿಂಗಳು ನಂಬಿದ್ದೆ. ಪುರಾವೆ ಕಣ್ಣೆದುರೇ ಇತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಅವರ ಕಿಟಕಿಯಿಂದ ನೂಲಿನೆಳೆಯಂಥ ಬಿಳಿ ಹೊಗೆ ಹೊರಬರುತ್ತಿತ್ತು. ಅದರ ಹಿಂದೆ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ತಲೆ ಬಗ್ಗಿಸಿ ಕೂತ ಅಕ್ಕ. ಪತ್ರಿಕೆಗಳಿಗೆ ಆಗೀಗ ಬರೆಯುವವನಾದ್ದರಿಂದ ಸಮಾಜವನ್ನು ತಿದ್ದುವ ಹೊಣೆ ನನ್ನ ತಲೆಯ ಮೇಲಿದೆ ಎಂಬ ಭ್ರಮೆ ನನಗೆ ಮೊದಲಿನಿಂದಲೂ ಉಂಟು. ಶ್ವಾಸಕೋಶದ ಬಗ್ಗೆ ನಾನೇ ಬರೆದ ಎರಡು ಪುಟದ ಲೇಖನವನ್ನು ಒಂದು ದಿನ ಅವರ ಬಾಗಿಲ ಸಂದಿಯಲ್ಲಿ ತೂರಿಸಿ ಬಂದೆ.

ಮರುದಿನ ಅಕ್ಕ ಕಾಂಪೌಂಡಿನಾಚೆಯಿಂದ ಕೇಳಿದರು: “ಏನ್ರೀ, ಆ ಕಾಗದ ನಿಮ್ದಾ? ಒಳ್ಳೇ ದಪ್ಪ ಇದೆ. ಇನ್ನೂ ನಾಲ್ಕು ಇದ್ರೆ ಕೊಡಿ. ಬೆಸುಗೆ ಹಾಕುವಾಗ ಮೇಜು ಸುಡದ ಹಾಗೆ ಹಾಸ್ಕೋತೀನಿ.”

ನನ್ನ ಬರಹಕ್ಕೆ ಸಿಕ್ಕ ಮೊದಲ ಪ್ರಾಮಾಣಿಕ ಮೆಚ್ಚುಗೆ ಅದು.

ಅಕ್ಕ ಇಪ್ಪತ್ತೆರಡು ವರ್ಷ ಟೆಲಿಫೋನ್ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವರು. ಕಾರ್ಖಾನೆ ಮುಚ್ಚಿದ ದಿನ ಉಳಿದವರೆಲ್ಲ ಗುಂಪಿನ ಫೋಟೋ ಹಿಡಿದು ಮನೆಗೆ ಬಂದರೆ, ಅಕ್ಕ ಮೂಲೆಗೆಸೆದಿದ್ದ, ಕರೆಂಟು ಅಳೆಯುವ ಒಂದು ಮುಳ್ಳಿನ ಮೀಟರನ್ನು ಕೇಳಿ ತಂದರು. ಆಮೇಲೆ ಅಡುಗೆಮನೆಯ ಕಿಟಕಿಯ ಕೆಳಗೆ ಕೂತು ಓಣಿಯ ಮಿಕ್ಸಿ, ರೇಡಿಯೋ, ಟಾರ್ಚುಗಳಿಗೆಲ್ಲ ಜೀವ ಕೊಡತೊಡಗಿದರು. ಅವರ ಯಜಮಾನರು ನಿವೃತ್ತ ಬಸ್ ಡ್ರೈವರ್. “ಒಗ್ಗರಣೆ ಹಾಕೋಕೆ ಹೋದ್ರೆ ಸೌಟಿನ ಬದಲು ಇಕ್ಕಳ ಸಿಗುತ್ತೆ ಕಣ್ರೀ,” ಎಂದು ನನ್ನ ಹತ್ತಿರ ಗೋಳು ಹೇಳಿಕೊಳ್ಳುತ್ತಿದ್ದರು.

ಅಕ್ಕನ ಕಣ್ಣು ಮಾತ್ರ ಬೇರೆಡೆ ಇತ್ತು. ದೊಡ್ಡ ರಸ್ತೆಯ ವಾದ್ಯದಂಗಡಿಯ ಹಿಂಭಾಗದಲ್ಲಿ ರಿಪೇರಿಯವರ ಮೇಜೊಂದು ವರ್ಷದಿಂದ ಖಾಲಿ ಬಿದ್ದಿತ್ತು. ಒಳ್ಳೆಯ ದೀಪ, ಗೋಡೆಗೆ ಸಾಲಾಗಿ ಕೊಕ್ಕೆಗಳು. ಅಲ್ಲಿ ಕೂರಬೇಕೆಂಬುದು ಅವರ ಆಸೆ. ಎರಡು ಸಲ ಕೇಳಿದ್ದರು. “ಇದು ಫೋನ್ ಅಲ್ಲಮ್ಮ, ಸಂಗೀತ,” ಎಂದು ಅಂಗಡಿಯವರು ಎರಡು ಸಲವೂ ಕಳಿಸಿಬಿಟ್ಟಿದ್ದರು.

ಅಷ್ಟರಲ್ಲಿ ನಮ್ಮ ಹಲ್ಲಿನ ಡಾಕ್ಟರಿಗೆ ಸಂಕಟ ಬಂತು. ವಾರವಿಡೀ ಬೇರೆಯವರ ಬಾಯಿ ತೆರೆಸುವ ಅವರು ಭಾನುವಾರ ಗಿಟಾರು ನೇತುಹಾಕಿಕೊಂಡು ತಾವೇ ಬಾಯಿ ತೆರೆಯುತ್ತಾರೆ. ಹಳೆಯ ಪಿಕಪ್ಪುಗಳು ತಮ್ಮ ಪ್ರತಿಭೆಗೆ ಸಾಲವು ಅನ್ನಿಸಿ, ಬೇರೆ ಬೇರೆ ಕಂಪನಿಯ ಎರಡು ಹೊಸ ಪಿಕಪ್ಪು ತರಿಸಿದ್ದರು. ಪಿಕಪ್ಪೆಂದರೆ ಗಿಟಾರಿನ ತಂತಿಗಳ ಕೆಳಗೆ ಕೂರುವ ಪುಟ್ಟ ಪೆಟ್ಟಿಗೆ. ಒಳಗೆ ಅಯಸ್ಕಾಂತ, ಅದಕ್ಕೆ ಕೂದಲಿಗಿಂತ ಸಣ್ಣ ತಾಮ್ರದೆಳೆಯ ಸುತ್ತು. ತಂತಿ ನಡುಗಿದ್ದನ್ನು ಹಿಡಿದು ಸ್ಪೀಕರಿಗೆ ಮುಟ್ಟಿಸುವುದು ಅದರ ಕೆಲಸ. ಅಂಗಡಿಯವರೇ ಕೂತು ಜೋಡಿಸಿಕೊಟ್ಟಿದ್ದರು. ಸ್ವಿಚ್ಚು ತಿರುಗಿಸಿ ಮೇಲಿನದೊಂದನ್ನೇ ಹಾಕಿದರೆ ಸೊಗಸು, ಕೆಳಗಿನದೊಂದನ್ನೇ ಹಾಕಿದರೆ ಸೊಗಸು. ಎರಡನ್ನೂ ಒಟ್ಟಿಗೆ ಹಾಕಿದರೆ ಮಾತ್ರ ನೆಗಡಿಯಾದವನು ಡಬ್ಬದೊಳಗೆ ಕೂತು ಮಾತಾಡಿದ ಹಾಗೆ. ಅಂದೇ ಸಂಜೆ ಆರಕ್ಕೆ ಡಾಕ್ಟರುಗಳ ಸಂಘದಲ್ಲಿ ಕಾರ್ಯಕ್ರಮ. ಪಿಕಪ್ಪೇ ಕೆಟ್ಟದ್ದು ಎಂದು ಅಂಗಡಿಯವರು ತೀರ್ಪು ಕೊಟ್ಟಾಗಿತ್ತು.

ಸುದ್ದಿ ಕೇಳಿದ್ದೇ ಅಕ್ಕ ಮೀಟರನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೊರಟರು. ಇತಿಹಾಸ ನನ್ನ ಕಣ್ಣು ತಪ್ಪಿಸಬಾರದೆಂದು ನಾನೂ ಹಿಂದೆ ಹೋದೆ.

“ಮತ್ತೆ ಬಂದ್ರಾ?” ಎಂದರು ಅಂಗಡಿಯವರು.

“ಬಂದೆ. ಒಂದ್ಸಲ ನೋಡ್ತೀನಿ. ಸರಿ ಹೋದ್ರೆ ಆ ಮೇಜು ನಂದು.”

“ಕೆಟ್ರೆ?”

“ಇನ್ನು ಈ ಕಡೆ ತಲೆ ಹಾಕಲ್ಲ.”

ಗಿಟಾರು ತಬ್ಬಿಕೊಂಡು ಅಲ್ಲೇ ಕೂತಿದ್ದ ಡಾಕ್ಟರು ಗಡಿಯಾರ ನೋಡಿದರು. ನಾಲ್ಕೂಕಾಲು. “ಕೊಟ್ಬಿಡ್ರೀ,” ಎಂದರು. ತಮ್ಮ ಕುರ್ಚಿಯಲ್ಲಿ ಕೂತ ರೋಗಿಯ ಮುಖ ಅವರಿಗೇ ಬಂದಿತ್ತು.

ಅಕ್ಕ ಗಿಟಾರನ್ನು ಮಗುವಿನಂತೆ ಬೋರಲು ಮಲಗಿಸಿ, ಬೆನ್ನಿನ ಮುಚ್ಚಳ ಬಿಚ್ಚಿ, ಒಳಗೆ ಇಣುಕಿದರು.

“ಪಿಕಪ್ಪಿನ ಯಾವ ತಂತಿ ಎಲ್ಲಿಗೆ ಅಂತ ಹೇಗೆ ಗೊತ್ತು ಮಾಡಿದ್ರಿ?”

“ಗೊತ್ತು ಮಾಡೋದೇನಮ್ಮ! ಮೊದಲನೇದರ ಜೊತೆ ಚೀಟಿ ಬಂದಿತ್ತು. ಕೆಂಪು ಸ್ವಿಚ್ಚಿನ ಕಡೆ, ಕಪ್ಪು ನೆಲದ ಕಡೆ, ಅಂದ್ರೆ ಅರ್ಥಿಂಗಿಗೆ.”

“ಎರಡನೇದರ ಚೀಟಿ?”

“ಕೆಂಪು ಅಂದ್ರೆ ಎಲ್ಲಾ ಕಡೆ ಕೆಂಪೇ ಅಲ್ವಾ?”

ಅಕ್ಕ ಅಂಗಡಿಯವರ ಬೆಸುಗೆ ಕಡ್ಡಿ ಕಾಯಿಸಿದರು. ಎರಡೂ ಪಿಕಪ್ಪುಗಳ ತಂತಿ ಬಿಡಿಸಿ, ಚೀಲದಿಂದ ಮೀಟರು ತೆಗೆದರು. ಅಂಗಡಿಯವರು ನಕ್ಕರು. “ಇದು ನಿಮ್ಮಜ್ಜಿ ಕಾಲದ್ದೇನಮ್ಮ? ನನ್ನ ಹತ್ರ ಅಂಕಿ ತೋರಿಸೋ ಹೊಸದಿದೆ.”

“ಅಂಕಿ ನಂಗೆ ಬೇಡ. ಮುಳ್ಳು ಯಾವ ಕಡೆ ಎಗರುತ್ತೆ ಅಂತ ಬೇಕು.”

ಮೇಲಿನ ಪಿಕಪ್ಪಿಗೆ ಮೀಟರು ಸಿಕ್ಕಿಸಿ, ಗಿಟಾರನ್ನು ಪಕ್ಕಕ್ಕೆ ಹೊರಳಿಸಿ, ಅದರ ತಲೆಗೆ ಸ್ಕ್ರೂಡ್ರೈವರ್ ತಾಗಿಸಿ ಫಕ್ಕನೆ ಎತ್ತಿದರು. ಮುಳ್ಳು ಬಲಕ್ಕೆ ಜಿಗಿಯಿತು. ಕೆಳಗಿನದಕ್ಕೂ ಹಾಗೇ ಸಿಕ್ಕಿಸಿ, ತಾಗಿಸಿ, ಎತ್ತಿದರು. ಮುಳ್ಳು ಎಡಕ್ಕೆ! ಇನ್ನೊಂದು ಸಲ. ಮತ್ತೆ ಎಡಕ್ಕೇ.

“ನೋಡಿ. ಒಬ್ಬ ತಳ್ತಾನೆ, ಒಬ್ಬ ಎಳೀತಾನೆ. ಇಬ್ಬರಿಗೂ ಶಕ್ತಿ ಇದೆ. ಬಾಗಿಲು ಮಾತ್ರ ಅಲ್ಲೇ ನಿಂತಿದೆ. ಕೆಂಪಿನ ವಿಷಯದಲ್ಲಿ ಈ ಎರಡು ಕಂಪನಿಗೂ ಮಾತುಕತೆ ಆಗಿಲ್ಲ.”

“ಹಾಗಾದ್ರೆ ಮೇಲಿನದನ್ನ ತಿರುಗಿಸಿ,” ಎಂದರು ಅಂಗಡಿಯವರು, ಯಜಮಾನಿಕೆ ಪೂರ್ತಿ ಕೈಬಿಡಲಾಗದೆ.

“ಅದಕ್ಕೆ ಲೋಹದ ಟೋಪಿ ಇದೆ. ಅದರ ನೆಲದ ತಂತಿ ಟೋಪಿಗೆ ಕಟ್ಟಿದೆ. ತಿರುಗಿಸಿದ್ರೆ ಡಾಕ್ಟರು ಮುಟ್ಟಿದಾಗೆಲ್ಲ ಗುಂಯ್ ಅನ್ನುತ್ತೆ. ಟೋಪಿ ಇಲ್ಲದವನನ್ನ ತಿರುಗಿಸೋಣ, ತಕರಾರಿಲ್ಲ.”

ಕಾವಿನ ಕಡ್ಡಿ ಇಳಿಯಿತು, ಸೀಸ ಕನ್ನಡಿಯಂತೆ ಹೊಳೆದು ಹರಿಯಿತು, ನಾನು ಎಂಟು ತಿಂಗಳು ಅಪಾರ್ಥ ಮಾಡಿಕೊಂಡಿದ್ದ ಹೊಗೆ ಎದ್ದಿತು. ನಾಲ್ಕು ಬೆಸುಗೆ. ಎಲ್ಲವೂ ಸಾಸಿವೆ ಕಾಳಿನಷ್ಟು ದುಂಡಗೆ.

ಡಾಕ್ಟರು ಗಿಟಾರು ಹೆಗಲಿಗೇರಿಸಿ ಸ್ವಿಚ್ಚನ್ನು ನಡುವಿಗೆ ತಂದರು. ಅಂದರೆ ಎರಡೂ ಒಟ್ಟಿಗೆ. ತಂತಿಯ ಮೇಲೆ ಒಂದು ಸಲ ಕೈಯಾಡಿಸಿದರು.

ಅಂಗಡಿಯ ಗಾಜು ಝಣ್ಣೆಂದಿತು! ಗೋಡೆಯ ಮೇಲೆ ನೇತಾಡುತ್ತಿದ್ದ ವಾದ್ಯಗಳೆಲ್ಲ ಸಣ್ಣಗೆ ಓಗೊಟ್ಟವು. ತುಂಬು ಕೊಡ ಹೊತ್ತು ನಡೆದು ಬಂದ ಹಾಗೆ ನಾದ ಅಂಗಡಿ ದಾಟಿ ರಸ್ತೆಗಿಳಿಯಿತು. ಎದುರಿನ ದರ್ಜಿ ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದ. ಡಾಕ್ಟರ ಬಾಯಿ ತೆರೆದಿದ್ದೂ ಸದ್ದು ಬಾರದ್ದನ್ನು ಊರು ಕಂಡದ್ದು ಅದೇ ಮೊದಲು. ಅಂಗಡಿಯವರು ತಮ್ಮ ಚೀಟಿಯನ್ನು ಮಡಚಿ ಜೇಬಿಗೆ ಹಾಕಿದರು. ಆಮೇಲೆ ಹಿಂದೆ ಹೋಗಿ, ಮೂಲೆಯ ಮೇಜಿನ ಮೇಲಿದ್ದ ಖಾಲಿ ಡಬ್ಬಗಳನ್ನೆಲ್ಲ ತಾವೇ ಎತ್ತಿಟ್ಟು, ಭುಜದ ಮೇಲಿನ ಬಟ್ಟೆಯಿಂದ ಧೂಳು ಒರೆಸಿದರು.

“ಕೂತ್ಕೊಳಮ್ಮ. ನಾಳೆಯಿಂದ ಅಲ್ಲ, ಈಗ್ಲೇ.”

ಅಕ್ಕ ಕೂತರು. ಎರಡು ಅಂಗೈಯನ್ನೂ ಮೇಜಿನ ಮೇಲೆ ಚಪ್ಪಟೆಯಾಗಿ ಊರಿ, ದೀಪ ಹಾಕಿದರು, ಆರಿಸಿದರು, ಮತ್ತೆ ಹಾಕಿದರು. ಈ ಘಳಿಗೆಗೆ ತಕ್ಕ ಗಾಂಭೀರ್ಯ ನನ್ನಿಂದಲೇ ಬರಬೇಕೆನಿಸಿತು. ಪೆನ್ನು ತೆಗೆದು, ಗಂಟಲು ಸರಿಪಡಿಸಿಕೊಂಡು ಕೇಳಿದೆ:

“ಅಕ್ಕಾ, ಇಷ್ಟು ಕಾಲದ ಕನಸಿನ ಈ ಪೀಠದಲ್ಲಿ ಕೂತಾಗ ನಿಮ್ಮ ಅಂತರಂಗದಲ್ಲಿ ಎಂಥ ಭಾವ ಉಕ್ಕುತ್ತಿದೆ?”

ಅಕ್ಕ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಮೇಜು ಗಿಡ್ಡ ಕಣ್ರೀ. ನಾಲ್ಕು ಕಾಲಿಗೂ ಒಂದೊಂದು ಇಟ್ಟಿಗೆ ಬೇಕು. ಸುಮ್ನೆ ನಿಂತಿದೀರಲ್ಲ, ಹೋಗಿ ತನ್ನಿ.”