ಬೆರಳು ಮಡಚ್ರೀ!

ಸಂತೇಬೆನ್ನೂರಿನಲ್ಲಿ ರವಿಕೆ ಹೊಲಿಯುವ ನುಜಹತ್ ಹೊಲಿಗೆಯಲ್ಲಿ ಎಷ್ಟು ಹಟಮಾರಿಯೋ ಹಿತ್ತಲಿನಲ್ಲೂ ಅಷ್ಟೇ. ಮನೆಯ ಹಿತ್ತಲಿಗೆ ಯಾವ ತಳಿ ಒಗ್ಗುತ್ತದೆಂದು ತಿಳಿಯಲು ಬೀಜತಜ್ಞರ ತಂಡವೊಂದು ಊರಿನ ಹಲವರಿಗೆ ಕೊಟ್ಟಂತೆ ಅವಳಿಗೂ ಮೂರು ಬಗೆಯ ಹೀರೆಬೀಜ ಕೊಟ್ಟಿತ್ತು. ವಾರಕ್ಕೊಮ್ಮೆ ಹೀಚು ಎಣಿಸಿ, ತಂಡ ಕೊಟ್ಟ ಹಾಳೆಯಲ್ಲಿ ಬರೆದು ಕಳಿಸಬೇಕು. ಆದರೆ ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆಂದು ಅವಳ ಅಜ್ಜಿ ಹೇಳಿದ್ದಳಲ್ಲ! ಹಾಗಾಗಿ ನುಜಹತ್ ಗದ್ದ ಕುಣಿಸಿ ಎಣಿಸುತ್ತಿದ್ದಳು. ನೋಡಿದವರು, ಇವಳು ಬಳ್ಳಿಗೆ ಸಲಾಂ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು.

ಒಂದು ದಿನ ತಂಡದ ವಿನೋದ್ ಬಂದು, ಎರಡನೇ ಬಳ್ಳಿಯ ಕಡೆ ತೋರುಬೆರಳು ಚಾಚಿ, "ಒಂದು, ಎರಡು, ಮೂರು..." ಎಂದು ಶುರು ಮಾಡಿದರು.

"ಅಯ್ಯೋ, ಬೆರಳು ಮಡಚ್ರೀ!" ನುಜಹತ್ ಕತ್ತರಿ ಹಿಡಿದೇ ಓಡಿ ಬಂದಳು.

ವಾರ ಕಳೆಯುವಷ್ಟರಲ್ಲಿ ಆ ಬಳ್ಳಿಯ ಏಳು ಹೀಚು ಕೊಳೆತವು; ಉಳಿದೆರಡು ಬಳ್ಳಿಗಳಲ್ಲಿ ಒಂದೂ ಕೊಳೆಯಲಿಲ್ಲ. ಕಾರಣ ಬರೆಯುವ ಜಾಗದಲ್ಲಿ ಅವಳು "ವಿನೋದ್ ಸಾರ್ ಬೆರಳು" ಎಂದು ಬರೆದು ಕಳಿಸಿದಳು.

ವಿನೋದ್ ಫೋನ್ ಮಾಡಿದರು. "ಅದು ಹಣ್ಣುನೊಣದ ಕಾಟ ಕಣಮ್ಮಾ."

"ನೊಣ ಮೂರೂ ಬಳ್ಳಿಗೆ ಬರ್ತೈತ್ರೀ. ನೀವು ಬೆರಳು ತೋರ್ಸಿದ್ದು ಎರಡನೇದಕ್ಕೆ ಮಾತ್ರ. ಹೋಲಿಸಿ ನೋಡಾಕೆ ಹೇಳಿಕೊಟ್ಟೋರು ನೀವೇ ಅಲ್ವಾ?"

ಮುಂದಿನ ಸಲ ಬಂದ ವಿನೋದ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಗದ್ದ ಕುಣಿಸಿಯೇ ಎಣಿಸಿದರು.